ಗಣಕದ ಕನ್ನಡ: ಕೆಚ್ಚದೆ ಉಳಿದ ಎಳೆಗಳು

ಹೊಸೂರಿನ ಒಂದು ಹೊಲದ ಹಳೆಯ ಪತ್ರವನ್ನು ಹುಡುಕಹೊರಟವರು ಮೊದಲು ತಿಳಿಯಬೇಕಾದುದು ಅದು ಯಾವ ವರ್ಷದ್ದು ಎಂಬುದನ್ನು. 1965ರ ಅಕ್ಟೋಬರಿಗಿಂತ ಹಿಂದಿನದಾದರೆ ಅದರಲ್ಲಿ ಸೇಲಂ ಜಿಲ್ಲೆ ಎಂದಿರುತ್ತದೆ. ಅಲ್ಲಿಂದ 2004ರ ಫೆಬ್ರವರಿಯವರೆಗಿನದಾದರೆ ಧರ್ಮಪುರಿ ಜಿಲ್ಲೆ, ಅನಂತರದ್ದಾದರೆ ಕೃಷ್ಣಗಿರಿ ಜಿಲ್ಲೆ. ಹೊಲ ಮಾತ್ರ ಇದ್ದಲ್ಲಿಯೇ ಇದೆ. ಜಿಲ್ಲೆ ಒಡೆದ ದಿನ ಹಳೆಯ ಪತ್ರಗಳು ಸುಳ್ಳಾಗಲಿಲ್ಲ, ಹಳೆಯ ಹೆಸರನ್ನು ಹಿಡಿದು ಬಂದವರನ್ನು ಹೊಸ ಕಚೇರಿಗೆ ಕಳುಹಿಸುವ ದಾರಿ ಮುಚ್ಚಲಿಲ್ಲ. ಆಡಳಿತವನ್ನು ಎಷ್ಟೇ ಬೈದರೂ ಈ ಒಂದು ಸೌಜನ್ಯವನ್ನು ಅದರ ಲೆಕ್ಕಕ್ಕೆ ಬರೆಯಬೇಕು.

ಗಣಕದೊಳಗಿನ ಕನ್ನಡಕ್ಕೆ ಈ ಸೌಜನ್ಯ ಪೂರ್ತಿಯಾಗಿ ದೊರೆಯಲಿಲ್ಲ. ತಂತ್ರಾಂಶವನ್ನು ಗಣಕಕ್ಕೆ ಅಳವಡಿಸುವ ವಿಧಾನ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಒಂದೊಂದು ಸಲ ಬದಲಾದಾಗಲೂ ಹಳೆಯದರಲ್ಲಿ ಬರೆದಿಟ್ಟದ್ದು ಹೊಸದರಲ್ಲಿ ಓದಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ಎದ್ದಿದೆ. ಇದು ಗಣಕ ವಿಜ್ಞಾನ ವಿಭಾಗದವರ ತಲೆನೋವು, ಐಚ್ಛಿಕ ಕನ್ನಡದವರಿಗೇಕೆ ಎಂದು ಕೇಳುವವರಿದ್ದಾರೆ. ಹೊಸ ವಿಧಾನವನ್ನು ತರುವವರು ಹಳೆಯದರ ಹೊಣೆಯನ್ನೂ ಹೊರಬೇಕು, ಹಾಗೆ ಹೊತ್ತಿದ್ದಾರೆಯೇ ಎಂದು ಕೇಳುವ ಕೆಲಸ ಭಾಷೆಯ ವಿದ್ಯಾರ್ಥಿಗಳದು ಎಂಬುದು ನನ್ನ ಅಭಿಪ್ರಾಯ. ಕೆಟ್ಟು ನಿಲ್ಲುವುದು ಯಂತ್ರವಲ್ಲ, ಬರಹ. ಈ ಕೆಡುಕಿನ ಪೆಟ್ಟು ಬೆಂಗಳೂರಿಗಿಂತ ಹೆಚ್ಚಾಗಿ ಬೀಳುವುದು ಸೇಲಂ, ಧರ್ಮಪುರಿಗಳಂತಹ ಕಡೆ ಕನ್ನಡ ಬರೆಯುವವರ ಮೇಲೆ.

ಹಳೆಯ ವಿಧಾನ ಎಂದರೇನೆಂದು ಮೊದಲು ನೋಡೋಣ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿದ ‘ನುಡಿ’ ಇವು ಬಂದ ಕಾಲದಲ್ಲಿ ಸಾಮಾನ್ಯ ಗಣಕಕ್ಕೆ ಕನ್ನಡವೆಂಬ ಲಿಪಿಯಿದೆ ಎಂಬುದೇ ತಿಳಿದಿರಲಿಲ್ಲ. ಸಿ.ಡಿ.ಯನ್ನು ಹಾಕಿ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದರೆ ಎರಡು ಸಂಗತಿಗಳು ಗಣಕಕ್ಕೆ ಸೇರುತ್ತಿದ್ದವು: ಕನ್ನಡದ ಆಕೃತಿಗಳನ್ನು ಹೊತ್ತ ಫಾಂಟು ಮತ್ತು ಕೀಲಿಮಣೆಯ ಒತ್ತುಗಳನ್ನು ಆ ಆಕೃತಿಗಳಿಗೆ ಹೊಂದಿಸುವ ಒಂದು ಚಾಲಕ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಕೂರಿಸಲಾಗಿತ್ತು. ಗಣಕದ ಮಟ್ಟಿಗೆ ಅದು ಇಂಗ್ಲಿಷೇ, ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಇದನ್ನು ಜಾಣತನವೆಂದೇ ಕರೆಯಬೇಕು. ಇರುವ ಸಲಕರಣೆಯಲ್ಲಿ ಆ ದಿನಕ್ಕೆ ಅದಕ್ಕಿಂತ ಒಳ್ಳೆಯದನ್ನು ಮಾಡುವುದು ಸುಲಭವಿರಲಿಲ್ಲ. ಕನ್ನಡದ ಒಂದು ತಲೆಮಾರಿನ ಬರಹವೆಲ್ಲ, ಪಠ್ಯಪುಸ್ತಕ, ಮಹಾಪ್ರಬಂಧ, ಸರ್ಕಾರಿ ಸುತ್ತೋಲೆ, ಮದುವೆಯ ಕರೆಯೋಲೆ, ಈ ಜಾಣತನದ ಮೇಲೆಯೇ ನಿಂತಿತು.

ಅದರ ಬೆಲೆಯೊಂದಿತ್ತು. ಬರಹದ ಅರ್ಥ ಬರಹದಲ್ಲಿರಲಿಲ್ಲ, ಇನ್‌ಸ್ಟಾಲ್ ಆದ ಗಣಕದಲ್ಲಿತ್ತು. ಕಡತವನ್ನು ಫಾಂಟಿಲ್ಲದ ಇನ್ನೊಂದು ಗಣಕಕ್ಕೆ ಒಯ್ದರೆ ಪರದೆಯ ಮೇಲೆ ಲ್ಯಾಟಿನ್ ಅಕ್ಷರಗಳೂ ಅಡಿಟಿಪ್ಪಣಿಗೆ ಹಾಕುವಂತಹ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲುತ್ತಿದ್ದವು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಇದು ದೊಡ್ಡ ತೊಡಕಾಗಿ ಕಾಣಲಿಲ್ಲ, ಪಕ್ಕದ ಡಿ.ಟಿ.ಪಿ. ಅಂಗಡಿಯಲ್ಲೂ ಅದೇ ನುಡಿ ಇರುತ್ತಿತ್ತು.

ಹೊಗೇನಕಲ್ಲಿನ ಹಾದಿಯಲ್ಲಿ ಪೆನ್ನಾಗರಂ ದಾಟಿದರೆ ಮಾತು ಬೇರೆ. ತಮಿಳೂ ಅದೇ ಕಾಲದಲ್ಲಿ ಅದೇ ಜಾಣತನವನ್ನು ಮಾಡಿತ್ತು. ವಾನವಿಲ್, ಬಾಮಿನಿ ಮುಂತಾದ ಫಾಂಟುಗಳು ತಮಿಳಿನ ಆಕೃತಿಗಳನ್ನು ಅದೇ ಇಂಗ್ಲಿಷ್ ಮನೆಗಳಲ್ಲಿ ತಂತಮ್ಮ ಕ್ರಮದಲ್ಲಿ ಕೂರಿಸಿದ್ದವು. 1999ರ ಚೆನ್ನೈನ ತಮಿಳ್‌ನೆಟ್ ಸಮ್ಮೇಳನದ ಅನಂತರ ತಮಿಳುನಾಡು ಸರ್ಕಾರ ತನ್ನದೇ ಸಂಕೇತಕ್ರಮಗಳನ್ನೂ ‘ತಮಿಳ್99’ ಕೀಲಿಮಣೆಯನ್ನೂ ಅಂಗೀಕರಿಸಿದ ಮೇಲೂ ಹಳೆಯ ಫಾಂಟುಗಳು ಅಂಗಡಿಗಳಿಂದ ಹೋಗಲಿಲ್ಲ. ಹೀಗಾಗಿ ಒಂದೇ ಸಂಖ್ಯೆ ನುಡಿಯಲ್ಲಿ ಒಂದು ಕನ್ನಡ ಚೂರು, ವಾನವಿಲ್‌ನಲ್ಲಿ ಒಂದು ತಮಿಳು ಅಕ್ಷರ. ಯಾವುದು ಯಾವುದೆಂದು ಹೇಳುವುದು ಆ ಪದಕ್ಕೆ ಅಂಟಿಸಿದ ಫಾಂಟಿನ ಹೆಸರು ಮಾತ್ರ.

ಸೇಲಂನ ದೇವಾಂಗ ನೇಕಾರರ ಮನೆಮಾತು ಕನ್ನಡ. ಅವರಲ್ಲಿ ಬಹುಮಂದಿ ಓದುಬರಹ ಕಲಿತದ್ದು ತಮಿಳಿನಲ್ಲಿ. ಅವರ ಮಾತನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಪ್ರತಿ ಪುಟದಲ್ಲೂ ಕನ್ನಡದ ಪಕ್ಕದಲ್ಲಿ ತಮಿಳು ಪದ ಬರುತ್ತದೆ, ಬರಲೇಬೇಕು. ಹಳೆಯ ವಿಧಾನದಲ್ಲಿ ಆ ಪ್ರಬಂಧವನ್ನು ಅವಳು ಮಿಂಚಂಚೆಯ ಒಡಲಿಗೆ ನಕಲು ಮಾಡಿದ ಕ್ಷಣವೇ ಫಾಂಟಿನ ಹೆಸರು ಉದುರುತ್ತದೆ. ಅದರೊಡನೆ ಯಾವ ಪದ ಕನ್ನಡ, ಯಾವುದು ತಮಿಳು ಎಂಬ ಗುರುತೂ ಉದುರುತ್ತದೆ. ಎರಡು ಭಾಷೆಗಳ ನಡುವೆ ಬದುಕುವವರ ಬರಹಕ್ಕೆ ಇದಕ್ಕಿಂತ ಕ್ರೂರವಾದ ವ್ಯಂಗ್ಯ ನನಗೆ ಕಾಣದು.

ಯುನಿಕೋಡ್ ಈ ಗಂಟನ್ನು ಬಿಡಿಸಿತು. ಕನ್ನಡದ ಪ್ರತಿ ಅಕ್ಷರಕ್ಕೆ ಜಗತ್ತಿನಾದ್ಯಂತ ಒಂದೇ ಸಂಖ್ಯೆ, ತಮಿಳಿನದಕ್ಕೆ ಬೇರೆ ಸಂಖ್ಯೆ; ಫಾಂಟು ಯಾವುದಾದರೂ ಆಗಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ವ್ಯವಸ್ಥೆಯೊಡನೆಯೇ ಬಂದಿತು. ಕನ್ನಡವನ್ನು ಓದಲು ಸಿ.ಡಿ. ಹುಡುಕುವ ಕಾಲ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪುಟ ಕಟ್ಟುವವರ ಕೈಯಲ್ಲಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ತಿಳಿಯದು. ಮುದ್ರಕರು ನುಡಿಯನ್ನು ಬಿಡಲಿಲ್ಲ, ಮುದ್ರಕರಿಗಾಗಿ ಲೇಖಕರು ಬಿಡಲಿಲ್ಲ, ಲೇಖಕರಲ್ಲಿ ಅಧ್ಯಾಪಕರೇ ಹೆಚ್ಚಾದುದರಿಂದ ನಮ್ಮ ವಿಭಾಗಗಳೂ ಬಿಡಲಿಲ್ಲ. ನುಡಿಯ ನಂತರದ ಆವೃತ್ತಿಗಳಲ್ಲಿ ಯುನಿಕೋಡೂ ಬಂದಿತು, ಪರಿವರ್ತಕವೂ ಬಂದಿತು. ಆದರೆ ಹಳೆಯ ಸಂಕೇತದ ಕನ್ನಡವೂ ಯುನಿಕೋಡ್ ಕನ್ನಡವೂ ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣುವುದರಿಂದ, ತಾವು ಯಾವುದರಲ್ಲಿ ಬರೆಯುತ್ತಿದ್ದೇವೆಂದು ತಿಳಿಯದೆಯೇ ವರ್ಷಗಟ್ಟಲೆ ಬರೆದವರು ಅನೇಕರು.

ಪರಿವರ್ತಕವಿದೆಯಲ್ಲ, ಮತ್ತೇನು ಎಂಬ ಮಾತನ್ನು ಮೇಲಿಂದ ಮೇಲೆ ಕೇಳುತ್ತೇವೆ. ಪರಿವರ್ತನೆ ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ಧರ್ಮಪುರಿ ಎಂಬ ಹೆಸರೇ ಸಾಕ್ಷಿ. ನಾವು ಅರ್ಕಾವೊತ್ತನ್ನು ನುಡಿಯುವುದು ಮೊದಲು, ಬರೆಯುವುದು ಆಮೇಲೆ. ಹಳೆಯ ಫಾಂಟುಗಳು ಬರೆಯುವ ಕ್ರಮವನ್ನು ಹಿಡಿದವು: ಧ, ಮ, ಆಮೇಲೆ ಅರ್ಕಾವೊತ್ತು. ಯುನಿಕೋಡ್ ನುಡಿಯುವ ಕ್ರಮವನ್ನು ಹಿಡಿಯಿತು: ಧ, ರ್, ಮ. ಒಂದನ್ನು ಇನ್ನೊಂದಾಗಿಸುವಾಗ ಈ ಸ್ಥಾನಪಲ್ಲಟವನ್ನು ನೆನಪಿಡದ ಪರಿವರ್ತಕವು ಧರ್ಮಪುರಿಯನ್ನು ‘ಧಮರ್ಪುರಿ’ ಮಾಡುತ್ತದೆ. ಕರ್ನಾಟಕವು ‘ಕನಾರ್ಟಕ’ವಾದುದನ್ನು ನೀವೂ ಅಂತರಜಾಲದಲ್ಲಿ ಕಂಡಿರುತ್ತೀರಿ. ಅದನ್ನು ಟೈಪು ಮಾಡಿದವರಿಗೆ ಕಾಗುಣಿತ ಬಾರದೆಂದು ನಕ್ಕಿರಲೂಬಹುದು. ಅಲ್ಲಿ ತಪ್ಪಿದ್ದು ಕಾಗುಣಿತವಲ್ಲ, ಹಳತನ್ನು ಹೊಸತಕ್ಕೆ ದಾಟಿಸಿದ ಕೈ. ಇನ್ನು ನಮ್ಮ ವಿದ್ಯಾರ್ಥಿನಿಯ ಪ್ರಬಂಧದಂತಹ ಕಡತದಲ್ಲಿ ಫಾಂಟಿನ ಹೆಸರು ಉದುರಿದ ಮೇಲೆ ಪರಿವರ್ತಕವು ತಮಿಳು ಪದಗಳನ್ನೂ ಇಂಗ್ಲಿಷ್ ಹೆಸರುಗಳನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳ ರಾಶಿ ಹಾಕುತ್ತದೆ. ಹಾಗೆ ಕೆಟ್ಟುದನ್ನು ಮತ್ತೆ ಸರಿಪಡಿಸಬೇಕಾದರೆ ಮೂಲ ಕಡತ ಬೇಕು, ಅದನ್ನು ತೆರೆಯಲು ಹಳೆಯ ಫಾಂಟು ಬೇಕು, ಫಾಂಟು ಬೇಕಾದರೆ ಹಳೆಯ ಇನ್‌ಸ್ಟಾಲ್ ಸಿ.ಡಿ. ಬೇಕು. ನಾವೋ ಸಿ.ಡಿ.ಯನ್ನು ಎಸೆದಿರುತ್ತೇವೆ.

ಹೊಸ ವಿಧಾನಗಳನ್ನು ತಂದವರೆಲ್ಲರೂ ಹೀಗೆ ನಡೆದುಕೊಂಡಿಲ್ಲ ಎಂಬುದನ್ನು ತಿಳಿಸಲು ತಮಿಳುನಾಡಿನದೇ ಒಂದು ಪ್ರಸಂಗ ಒದಗುತ್ತದೆ. ಆ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಎಲ್ಕಾಟ್, ಸಿ. ಉಮಾಶಂಕರ್ ಅವರ ಕಾಲದಲ್ಲಿ ಸೂಸೆ ಲಿನಕ್ಸನ್ನು ಬಳಕೆಗೆ ತಂದಿತು. 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್‌ನ ಜೊತೆಗೆ ಬಾಸ್ ಲಿನಕ್ಸ್ ಬಂದಿತು. ಅದು ಚೆನ್ನೈನ ಸಿ-ಡ್ಯಾಕ್ ಸಿದ್ಧಪಡಿಸಿದ್ದು, ಡೆಬಿಯನ್ ಎಂಬ ಲಿನಕ್ಸನ್ನು ಆಧರಿಸಿದ್ದು. ಸೂಸೆಯ ಪ್ಯಾಕೇಜುಗಳು ಆರ್‌ಪಿಎಂ ರೂಪದವು, ಡೆಬಿಯನ್‌ನವು ಡೆಬ್ ರೂಪದವು. ಒಂದನ್ನು ಇನ್ನೊಂದಾಗಿಸುವ ‘ಏಲಿಯನ್’ ಎಂಬ ಸಲಕರಣೆಯಿದೆ. ವ್ಯವಸ್ಥೆಯ ಮುಖ್ಯ ಭಾಗಗಳಿಗೆ ಅದನ್ನು ಬಳಸಬೇಡಿರೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಇದು ಹಾಗಿರಲಿ. ನಮಗೆ ಮುಖ್ಯವಾದುದು ಡೆಬಿಯನ್‌ನಲ್ಲಿ ಕನ್ನಡಕ್ಕೆ ಏನಾಯಿತು ಎಂಬುದು.

ಇಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಹೆಸರುಳ್ಳ ಪ್ಯಾಕೇಜು, ಎಲ್ಲ ಪ್ಯಾಕೇಜುಗಳೂ ಒಂದು ಸಾರ್ವಜನಿಕ ಭಂಡಾರದಲ್ಲಿರುತ್ತವೆ. ಹೆಸರು ಹೇಳಿ ಕೇಳಿದರೆ ವ್ಯವಸ್ಥೆಯೇ ಅದನ್ನೂ ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳನ್ನೂ ತಂದು ಕೂರಿಸುತ್ತದೆ. ಕನ್ನಡದ ಫಾಂಟುಗಳ ಪ್ಯಾಕೇಜಿಗೆ ಮೊದಲಿದ್ದ ಹೆಸರು ‘ಟಿಟಿಎಫ್-ಕನ್ನಡ-ಫಾಂಟ್ಸ್’. ಟಿಟಿಎಫ್ ಎಂಬುದು ಟ್ರೂಟೈಪ್ ಎಂಬ ಒಂದು ಬಗೆಯ ಫಾಂಟಿನ ಗುರುತು. ಬೇರೆ ಬಗೆಯ ಫಾಂಟುಗಳೂ ಬಂದ ಮೇಲೆ ಆ ಗುರುತು ಹೊಂದಲಿಲ್ಲ, ಹೆಸರು ‘ಫಾಂಟ್ಸ್-ಕೆಎನ್‌ಡಿಎ’ ಎಂದಾಯಿತು. ಆ ನಾಲ್ಕು ಅಕ್ಷರಗಳು ಕನ್ನಡ ಲಿಪಿಗೆ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ ಸಂಕೇತ. ಲೋಹಿತ್, ನವಿಲು, ಗುಬ್ಬಿ ಫಾಂಟುಗಳನ್ನು ಒಟ್ಟಿಗೆ ಕರೆತರುವ ಪ್ಯಾಕೇಜು ಇದು.

ಹಳೆಯ ಹೆಸರನ್ನು ಏನು ಮಾಡಿದರು? ಅಳಿಸಲಿಲ್ಲ. ಆ ಹೆಸರಿನಲ್ಲಿ ಒಂದು ಬರಿದಾದ ಪ್ಯಾಕೇಜನ್ನು ಭಂಡಾರದಲ್ಲಿ ಇರಿಸಿದರು. ಅದರೊಳಗೆ ಫಾಂಟಿಲ್ಲ, ಏನೂ ಇಲ್ಲ. ‘ನನಗೆ ಹೊಸ ಹೆಸರಿನ ಪ್ಯಾಕೇಜು ಬೇಕು’ ಎಂಬ ಒಂದು ಅವಲಂಬನೆಯ ಸಾಲು ಮಾತ್ರ ಇದೆ. ಹಳೆಯ ಪುಸ್ತಕವನ್ನು ನೋಡಿ ಹಳೆಯ ಹೆಸರನ್ನು ಕೇಳಿದವರಿಗೂ, ಹಳೆಯ ವ್ಯವಸ್ಥೆಯನ್ನು ಹೊಸದಕ್ಕೆ ಏರಿಸಿಕೊಂಡವರಿಗೂ ಆ ಸಾಲಿನ ಮೂಲಕ ಹೊಸ ಫಾಂಟು ತಾನಾಗಿ ಬಂದು ಸೇರುತ್ತದೆ. ಇಂತಹುದನ್ನು ಅವರು ಸಂಕ್ರಮಣದ ಪ್ಯಾಕೇಜು ಎನ್ನುತ್ತಾರೆ. ಸುಮಾರು ಎರಡು ವರ್ಷಕ್ಕೊಮ್ಮೆ ಬರುವ ಸ್ಥಿರ ಆವೃತ್ತಿಗಳಲ್ಲಿ ಕಡಮೆಯೆಂದರೆ ಒಂದರ ಅವಧಿಯಾದರೂ ಅದನ್ನು ಉಳಿಸಿಕೊಳ್ಳುವುದು ರೂಢಿ. ಆಜ್ಞೆಗಳ ವಿಷಯದಲ್ಲೂ ಅಷ್ಟೆ. 2014ರಲ್ಲಿ ‘ಆಪ್ಟ್’ ಎಂಬ ಚಿಕ್ಕ ಹೊಸ ಆಜ್ಞೆ ಬಂದರೂ ‘ಆಪ್ಟ್-ಗೆಟ್’ ಎಂಬ ಹಳೆಯದು ಇಂದಿಗೂ ಕೆಲಸ ಮಾಡುತ್ತದೆ. ಬೆರಳುಗಳನ್ನೂ ಅವರು ಮರೆಯಲಿಲ್ಲ. ನುಡಿಯಲ್ಲಿ ಬರೆದು ಪಳಗಿದವರ ಕೈಗೆ ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಅಭ್ಯಾಸವಾಗಿದೆ; ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಅದು ‘ಕಗಪ’ ಎಂಬ ಹೆಸರಿನಲ್ಲಿದೆ. ಕನ್ನಡ ಗಣಕ ಪರಿಷತ್ತಿನ ಮೂರು ಮೊದಲಕ್ಷರಗಳು ಅಲ್ಲಿ ಕುಳಿತಿವೆ. ಸಂಕೇತ ಬದಲಾಯಿತು, ಅಳವಡಿಸುವ ವಿಧಾನ ಬದಲಾಯಿತು, ಕೈ ಮಾತ್ರ ಮರಳಿ ಕಲಿಯಬೇಕಾಗಲಿಲ್ಲ.

ನೇಕಾರರಲ್ಲಿ ಇದಕ್ಕೊಂದು ಮಾತಿದೆ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅದನ್ನು ಕಿತ್ತೊಗೆದು ಹೊಸ ಹಾಸನ್ನು ಮೊದಲಿನಿಂದ ಹೂಡುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ಕೊನೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ‘ಕೆಚ್ಚುವುದು’ ಎನ್ನುತ್ತಾರೆ. ಕೆಚ್ಚಿದ ಮೇಲೆ ಹಾಸನ್ನು ಮುಂದಕ್ಕೆಳೆದರೆ ಹೊಸ ಎಳೆಗಳು ಹಳೆಯ ಎಳೆಗಳ ದಾರಿಯಲ್ಲಿಯೇ ಬಂದು ತಮ್ಮ ತಮ್ಮ ಸ್ಥಾನವನ್ನು ಸೇರುತ್ತವೆ. ಸಾವಿರಾರು ಎಳೆಗಳ ಕೆಲಸ, ಬೇಸರದ ಕೆಲಸ. ಆದರೂ ಮಗ್ಗವನ್ನು ಹೊಸದಾಗಿ ಹೂಡುವುದಕ್ಕಿಂತ ಅಗ್ಗ. ಸಂಕ್ರಮಣದ ಪ್ಯಾಕೇಜು ಮಾಡುವುದು ಇದನ್ನೇ. ನುಡಿಯಿಂದ ಯುನಿಕೋಡಿಗೆ ಹೊರಟಾಗ ನಮ್ಮ ಸಂಸ್ಥೆಗಳು ಹೊಸ ಹಾಸನ್ನು ಹೂಡಿದವು, ಕೆಚ್ಚುವ ಕೆಲಸವನ್ನು ಆಸಕ್ತರ ಬಿಡುವಿನ ವೇಳೆಗೆ ಬಿಟ್ಟವು.

ಹಳೆಯದನ್ನೆಲ್ಲ ಎಂದೆಂದಿಗೂ ಹೊತ್ತು ತಿರುಗಬೇಕೆಂದು ನಾನು ವಾದಿಸುತ್ತಿಲ್ಲ. ಹಳತಕ್ಕೆ ಹೊಂದಿಕೊಳ್ಳುವುದಕ್ಕೂ ಖರ್ಚಿದೆ: ಯಾರೋ ಅದನ್ನು ಪರೀಕ್ಷಿಸಬೇಕು, ಯಾರೋ ದೋಷಗಳನ್ನು ತಿದ್ದಬೇಕು. ಅಲ್ಲದೆ ಹಳೆಯ ಹೆಸರನ್ನು ಉಳಿಸಿದ ಮಾತ್ರಕ್ಕೆ ಸೌಜನ್ಯವಾಗದು. ಉಬುಂಟು ತನ್ನ 2022ರ ಆವೃತ್ತಿಯಲ್ಲಿ ಫೈರ್‌ಫಾಕ್ಸ್ ಜಾಲದರ್ಶಕವನ್ನು ಡೆಬ್ ಪ್ಯಾಕೇಜಾಗಿ ಕೊಡುವುದನ್ನು ನಿಲ್ಲಿಸಿತು. ಹಳೆಯ ರೀತಿಯಲ್ಲಿ ಆಪ್ಟ್ ಮೂಲಕ ಕೇಳಿದವರಿಗೆ ಸಂಕ್ರಮಣದ ಪ್ಯಾಕೇಜೊಂದು ಎದುರಾಗಿ, ‘ಸ್ನ್ಯಾಪ್’ ಎಂಬ ಬೇರೆಯೇ ವಿಧಾನದಿಂದ ಫೈರ್‌ಫಾಕ್ಸನ್ನು ತಂದು ಕೂರಿಸುತ್ತದೆ. ಮೇಲುನೋಟಕ್ಕೆ ಕನ್ನಡದ ಫಾಂಟುಗಳಿಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಿದಂತೆ ತೋರುತ್ತದೆ. ಆದರೆ ಅಲ್ಲಿ ಹೆಸರು ಬದಲಾಗಿತ್ತು, ವಸ್ತು ಅದೇ. ಇಲ್ಲಿ ಹೆಸರು ಅದೇ, ವಸ್ತು ಬದಲಾಗಿದೆ. ಸ್ನ್ಯಾಪ್ ತಂತ್ರಾಂಶವನ್ನು ಒಂದು ಗೋಡೆಯೊಳಗಿಟ್ಟು ನಡೆಸುತ್ತದೆ. ಇದರಿಂದ ಭದ್ರತೆಗೆ ಲಾಭವಿದೆ, ನಿಜ. ಆದರೆ ಇಂತಹ ಗೋಡೆಗಳ ಆರಂಭದ ದಿನಗಳಲ್ಲಿ ಹೊರಗಿನ ಫಾಂಟು, ಹೊರಗಿನ ಕೀಲಿಮಣೆ ವ್ಯವಸ್ಥೆ ಒಳಗೆ ಸರಿಯಾಗಿ ತಲಪದ ತೊಂದರೆಗಳಿದ್ದವು. ಇಂಗ್ಲಿಷ್ ಬರೆಯುವವರಿಗೆ ಇದು ಗೊತ್ತಾಗುವುದೇ ಇಲ್ಲ, ಕನ್ನಡ ಬರೆಯುವವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. 2024ರ ಜನವರಿಯಲ್ಲಿ ಮೊಜಿಲ್ಲಾ ಸಂಸ್ಥೆಯೇ ಫೈರ್‌ಫಾಕ್ಸನ್ನು ಡೆಬ್ ಪ್ಯಾಕೇಜಾಗಿ ತನ್ನ ಭಂಡಾರದಿಂದ ಕೊಡಲು ಮೊದಲುಮಾಡಿತು. ಕೇಳಿದ್ದನ್ನು ಕೊಡದೆ ಬೇರೆಯದನ್ನು ಕೊಡುವಾಗ ಹೇಳಿ ಕೊಡಬೇಕು, ಬೇಡವೆಂದವರಿಗೆ ಹಿಂದಿರುಗುವ ದಾರಿಯೂ ಇರಬೇಕು.

ಪಳಗನ್ನಡ ಓದುವವರಿಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರದ್ದು. ಯುನಿಕೋಡಿನಲ್ಲಿ ೞ ಅಕ್ಷರದ ಸಂಖ್ಯೆ 3294. ಅದಕ್ಕೆ ಕೊಟ್ಟ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’! ಕೇಶಿರಾಜ ವಿಸ್ತಾರವಾಗಿ ಚರ್ಚಿಸಿದ ಅಕ್ಷರವನ್ನು ಯಾರೋ ಫಕಾರವೆಂದು ಬಗೆದರು. ತಪ್ಪು ತಿಳಿದ ಮೇಲೂ ಹೆಸರನ್ನು ತಿದ್ದಲಿಲ್ಲ, ತಿದ್ದುವಂತೆಯೂ ಇರಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಮುಂದೆಂದೂ ಬದಲಿಸಬಾರದೆಂಬುದು ಯುನಿಕೋಡಿನ ನಿಯಮ; ಆ ಹೆಸರನ್ನು ನಂಬಿ ನಿಂತ ತಂತ್ರಾಂಶ ಎಲ್ಲಿಯೋ ಒಂದಿದ್ದರೂ ಅದು ಮುರಿಯಬಾರದು. ಬದಲಿಗೆ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದರು. ಅಭಿಮಾನಕ್ಕೆ ನೋವಾಗುವ ಮಾತು, ಒಪ್ಪುತ್ತೇನೆ. ಆದರೂ ತಪ್ಪು ಹೆಸರನ್ನು ಕೂಡ ಹಳೆಯ ಬಳಕೆದಾರನ ಸಲುವಾಗಿ ಹೊರುವ ಈ ಶಿಸ್ತು ನನಗೆ ಮೆಚ್ಚು. 2021ರಲ್ಲಿ ನಕಾರಪೊಳ್ಳು ಯುನಿಕೋಡನ್ನು ಸೇರಿದಾಗಲೂ ಅಷ್ಟೆ, ಹಳೆಯ ಯಾವ ಸಂಖ್ಯೆಯೂ ಕದಲಲಿಲ್ಲ.

ಈ ೞದಲ್ಲಿ ಧರ್ಮಪುರಿಯವರಿಗೆ ಪಾಲಿದೆ. ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಊರಿಗೆ ಆಗ ತಗಡೂರು ಎಂಬ ಹೆಸರಿತ್ತು. ಅಂತಹ ಪಠ್ಯಗಳನ್ನು ಗಣಕಕ್ಕೆ ಏರಿಸುವವರಿಗೆ ೞ, ಱಗಳಿಲ್ಲದೆ ನಡೆಯದು. ನಮ್ಮ ಬಾಯಿಂದ ಹೋದ ಆ ಧ್ವನಿ ಅಲ್ಲಿಯ ತಮಿಳರ ಬಾಯಲ್ಲಿ ಇಂದಿಗೂ ಇದೆ. ನಾವು ‘ಹಳೆಯ’ ಎನ್ನುವ ಪದವೇ ಒಮ್ಮೆ ‘ಪೞೆಯ’ ಆಗಿತ್ತು, ತಮಿಳಿನಲ್ಲಿ ಆ ಅಕ್ಷರ ಹಾಗೆಯೇ ಉಳಿದಿದೆ.

ಇಲ್ಲೊಂದು ಲೆಕ್ಕವಿದೆ. ಭಾರತೀಯ ಲಿಪಿಗಳನ್ನು ಯುನಿಕೋಡಿಗೆ ಸೇರಿಸಿದಾಗ ಅದಕ್ಕಿಂತ ಹಿಂದಿನ ಭಾರತೀಯ ಮಾನಕವಾದ ಇಸ್ಕಿಯ ಕ್ರಮವನ್ನೇ ಉಳಿಸಿಕೊಂಡರು. ಇದೂ ಒಂದು ಕೆಚ್ಚುವಿಕೆಯೇ. ಅದರಿಂದಾಗಿ ತಮಿಳಿನ ಕಕಾರ 2965, ಕನ್ನಡದ ಕಕಾರ 3221, ನಡುವಣ ಅಂತರ 256. ಉಳಿದ ಅಕ್ಷರಗಳಲ್ಲೂ ಬಹುತೇಕ ಇದೇ ಅಂತರ. ತಮಿಳು ಲಿಪಿಯಲ್ಲಿ ಬರೆದ ಕನ್ನಡವನ್ನು ಕನ್ನಡ ಲಿಪಿಗೆ ತರಲು 256ನ್ನು ಕೂಡಿದರೆ ಸಾಕು ಎಂದು ತೋರಬಹುದು. ಸೇಲಂ ಕಡೆಯ ಮನೆಗಳಲ್ಲಿ ತಮಿಳು ಅಕ್ಷರಗಳಲ್ಲಿ ಬರೆದಿಟ್ಟ ಕನ್ನಡದ ಹಾಡು, ಲೆಕ್ಕ, ಕಾಗದಗಳೇನಾದರೂ ನಿಮ್ಮ ಕೈಸೇರಿದರೆ ಪ್ರಯತ್ನಿಸಿ ನೋಡಿ. ತಮಿಳಿನ ೞಕಾರದ ಸಂಖ್ಯೆ 2996, ಕೂಡಿದರೆ 3252. ಕನ್ನಡದ ಪಟ್ಟಿಯಲ್ಲಿ ಆ ಮನೆ ಖಾಲಿ, ನಮ್ಮ ೞ ‘ಫ’ ಎಂಬ ಹೆಸರು ಹೊತ್ತು ದೂರದ 3294ರಲ್ಲಿದೆ. ಅದು ಹೋಗಲಿ, ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ, ತ, ದಗಳಿಗೆ ಒಂದೇ, ಪ, ಬಗಳಿಗೂ ಒಂದೇ. ಬರೆದಾಕೆ ‘ಕಾಡು’ ಎಂದಳೋ ‘ಗಾಡು’ ಎಂದಳೋ, ‘ಪಂದಿ’ಯೋ ‘ಬಂದಿ’ಯೋ ಎಂಬುದನ್ನು ಯಾವ ಪ್ಯಾಕೇಜೂ ಹೇಳಲಾರದು. ಆ ಮನೆಮಾತನ್ನು ಬಲ್ಲವರು, ಧ್ವನಿವ್ಯತ್ಯಾಸದ ಪಾಠವನ್ನು ಓದಿದವರು ಎದುರಿಗೆ ಕುಳಿತು ಸಾಲು ಸಾಲಾಗಿ ನಿರ್ಣಯಿಸಬೇಕು.

ಈ ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ. 2006ರ ತಮಿಳು ಕಲಿಕೆಯ ಅಧಿನಿಯಮದ ಮೇಲೆ ಆ ರಾಜ್ಯದ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಗಿದೆ. ಅದರ ಸರಿತಪ್ಪುಗಳ ಚರ್ಚೆ ಬೇರೆಯದು. ನೆಲದ ಭಾಷೆಯನ್ನು ಕಲಿಯಬೇಕೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮನೆಯಲ್ಲಿ ಕನ್ನಡ ಆಡುತ್ತ ಕನ್ನಡ ಲಿಪಿಯನ್ನು ಓದಲಾರದ ತಲೆಮಾರುಗಳು ಅಲ್ಲಿ ಹಿಂದೆಯೂ ಇದ್ದವು, ಮುಂದೆ ಹೆಚ್ಚುತ್ತವೆ. ಅವರ ಪಾಲಿಗೆ ಬರಹವೆಂದರೆ ಮೊಬೈಲಿನಲ್ಲಿ ಕಾಣುವುದು. ಹಳೆಯ ನುಡಿ ಕಡತದಲ್ಲಿ ಸಿಕ್ಕಿಬಿದ್ದ ಜಾನಪದ ಸಂಗ್ರಹ ಅವರ ಮೊಬೈಲಿನಲ್ಲಿ ತೆರೆಯುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಗಟ್ಟಿಯಾಗಿ ಓದಿಸೋಣವೆಂದರೆ ಓದಿಸುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ. ಪಿ.ಡಿ.ಎಫ್. ಮಾಡಿಟ್ಟರೂ ನೋಡಲಷ್ಟೇ ಸರಿ, ಒಂದು ಸಾಲನ್ನು ನಕಲಿಸಿದರೆ ಮತ್ತದೇ ಲ್ಯಾಟಿನ್ ಚೂರುಗಳು.

ಆದುದರಿಂದ ಯಾವುದೇ ಕನ್ನಡ ವಿಭಾಗ ತನ್ನ ಗಣಕಗಳನ್ನು ಫಾರ್ಮ್ಯಾಟ್ ಮಾಡಿಸಿ ಹೊಸ ವ್ಯವಸ್ಥೆ ಹಾಕಿಸುವ ಮುನ್ನ ಹಳೆಯ ಪ್ರಬಂಧಗಳ ಕಡತಗಳನ್ನೂ, ಅವುಗಳಲ್ಲಿ ಬಳಸಿದ ಫಾಂಟುಗಳನ್ನೂ, ನುಡಿಯ ಆ ಆವೃತ್ತಿಯ ಇನ್‌ಸ್ಟಾಲ್ ಕಡತವನ್ನೂ ಒಂದೇ ಕಡೆ ತೆಗೆದಿಡಬೇಕೆಂದು ನಾನು ಹೇಳುತ್ತೇನೆ. ಪರಿವರ್ತಿಸಿದ ಪ್ರತಿ ಬಂದ ಮಾತ್ರಕ್ಕೆ ಮೂಲವನ್ನು ಅಳಿಸಕೂಡದು. ಪರಿವರ್ತಿತ ಪ್ರತಿಯಲ್ಲಿ ಮೊದಲು ಅರ್ಕಾವೊತ್ತಿನ ಪದಗಳನ್ನು, ಆಮೇಲೆ ಕನ್ನಡದ ನಡುವೆ ಬಂದ ಅನ್ಯಭಾಷೆಯ ಪದಗಳನ್ನು ಹುಡುಕಿ ನೋಡಬೇಕು. ‘ಧಮರ್’, ‘ಕನಾರ್’ ಎಂದು ಹುಡುಕಿದರೆ ಪರಿವರ್ತಕ ಎಂತಹುದೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇನ್ನು ಮುಂದೆ ಬರೆಯುವ ಪ್ರಬಂಧಗಳು ಯುನಿಕೋಡಿನಲ್ಲಿಯೇ ಇರಲಿ. ಕೀಲಿಮಣೆ ಕಗಪವೋ ಇನ್‌ಸ್ಕ್ರಿಪ್ಟೋ ನಿಮ್ಮ ಇಷ್ಟ. ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡದ ಕಕಾರಕ್ಕೂ ತಮಿಳಿನ ಕಕಾರಕ್ಕೂ ಒಂದೇ ಕೀಲಿಯಾದುದರಿಂದ ಎರಡೂ ಲಿಪಿಗಳಲ್ಲಿ ಬರೆಯಬೇಕಾದ ಸೇಲಂ, ಧರ್ಮಪುರಿಯ ಕಡೆಯವರಿಗೆ ಅದನ್ನು ಶಿಫಾರಸು ಮಾಡುವೆ. ಆ ಕಡೆಯಿಂದ ಬಂದ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ ಹಳೆಯ ಸಿ.ಡಿ.ಯೋ ತಮಿಳು ಅಕ್ಷರದ ಕನ್ನಡ ಕಾಗದವೋ ಕಂಡರೆ, ಅದರ ಮೇಲೆ ವರ್ಷವನ್ನೂ ಊರನ್ನೂ ಬರೆದು, ಆ ವರ್ಷ ಊರು ಯಾವ ಜಿಲ್ಲೆಯಲ್ಲಿತ್ತೆಂಬುದನ್ನೂ ಸೇರಿಸಿ, ವಿಭಾಗಕ್ಕೆ ತಂದುಕೊಡಿ.